ಸಾವಂತ್ರೆವ್ವನ ಎಮ್ಮೆಗಳು ಬೆಟ್ಟ ಹತ್ತಿದ್ದು

ನಾನು ಕಸ್ತೂರಿಯನ್ನು ಮದುವೆಯಾದಾಗಿನಿಂದ ಅವಳ ತಾಯಿ ಸಾವಂತ್ರೆವ್ವ ಒಂದೇ ಮನೆಯಲ್ಲಿದ್ದರೂ ನನ್ನೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ಧಾರವಾಡದ ನಮ್ಮ ಗೌಳೇರ ಓಣಿಯಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡಬಾರದೆಂಬುದು ಹಿಂದಿನಿಂದ ಬಂದ ಪದ್ಧತಿ. ಉಳಿದ ಮನೆಗಳಲ್ಲಿ ಅದು ಎಂದೋ ಬಿಟ್ಟುಹೋಗಿತ್ತು. ನಮ್ಮ ಅತ್ತೆ ಮಾತ್ರ ಬಿಟ್ಟಿರಲಿಲ್ಲ.

ಹಾಗೆಂದು ನನಗೆ ಹೇಳಬೇಕಾದ್ದನ್ನು ಹೇಳದೆ ಬಿಟ್ಟವರೂ ಅಲ್ಲ. ಎಲ್ಲವನ್ನೂ ಸರಸಿಗೆ ಹೇಳುತ್ತಿದ್ದರು. ಸರಸಿ ಅವರ ಹಿರಿಯ ಎಮ್ಮೆ. ಕೋಡು ಹಿಂದಕ್ಕೆ ಬಾಗಿ ಹೆಗಲು ಮುಟ್ಟುವ ಅಪ್ಪಟ ಧಾರವಾಡಿ ತಳಿ.

"ಸರಸೀ, ಹಿಂಡಿ ತರ್ತೀನಂದವ್ರು ಇವತ್ತೂ ಬರಿಗೈಲೆ ಬಂದಾರ ನೋಡವಾ. ನಿನ್ನ ಹೊಟ್ಟಿ ಚಿಂತಿ ಯಾರಿಗೈತಿ?"

ನಾನೂ ಸರಸಿಗೇ ಉತ್ತರ ಕೊಡುತ್ತಿದ್ದೆ. "ಸರಸೀ, ಅಂಗಡಿ ಮುಚ್ಚಿತ್ತಂತ ಹೇಳು. ನಾಳೆ ಮುಂಜಾನೆ ತರ್ತಾರಂತ."

ಸರಸಿ ಇಬ್ಬರ ಮಾತನ್ನೂ ಕೇಳುತ್ತ ಮೆಲುಕು ಹಾಕುತ್ತಿದ್ದಳು. ಅಷ್ಟು ತಾಳ್ಮೆಯ ಮಧ್ಯಸ್ಥಗಾರ್ತಿಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಕಸ್ತೂರಿ ಒಳಗಿನಿಂದ ನಗುತ್ತಿದ್ದಳು.

ನನ್ನ ಹೆಸರು ಗದಿಗೆಪ್ಪ. ಊರ ಹೊರಗಿನ ತಳಿ ನೆಲೆ ಕೇಂದ್ರದಲ್ಲಿ ನಿಗಾ ಕೋಣೆಯ ತಂತ್ರಜ್ಞ. ಆ ಕೋಣೆಯ ಒಂದು ಗೋಡೆಯ ತುಂಬ ನಾಡಿನ ನಕಾಶೆ. ಈಗ ಹುಟ್ಟುವ ಪ್ರತಿಯೊಂದು ಕರುವಿಗೂ ಕುರಿಮರಿಗೂ ಎಳೆಯದರಲ್ಲೇ ಒಂದು ಗುಂಡು ನುಂಗಿಸುತ್ತಾರೆ. ಅದು ಜೀವಮಾನವಿಡೀ ಹೊಟ್ಟೆಯಲ್ಲೇ ಕೂತು ಮೈಯ ಕಾವು, ಎದೆಬಡಿತ, ಮೆಲುಕಿನ ಲಯವನ್ನು ನಮಗೆ ತಿಳಿಸುತ್ತಿರುತ್ತದೆ. ಗೋಡೆಯ ಮೇಲೆ ಒಂದೊಂದು ಪ್ರಾಣಿಯೂ ಒಂದು ಚುಕ್ಕೆ. ಹಾಯಾಗಿದ್ದರೆ ಹಸಿರು, ಬಳಲಿದರೆ ಹಳದಿ, ತಡೆಯಲಾಗದಿದ್ದರೆ ಕೆಂಪು. ಲಕ್ಷಾಂತರ ಚುಕ್ಕೆಗಳ ಸುಖದುಃಖವನ್ನು ಮುಂಬರುವ ವರ್ಷಗಳ ಹವಾಮಾನದ ಜೊತೆ ಕೂಡಿಸಿ ಕಳೆದು, ಯಾವ ತಳಿ ಇನ್ನು ಮುಂದೆ ಯಾವ ನೆಲದಲ್ಲಿ ಬಾಳಬಲ್ಲದು ಎಂದು ಯಂತ್ರ ಹೇಳುತ್ತದೆ.

ನಮ್ಮಜ್ಜನ ಕಾಲದಲ್ಲಿ ಧಾರವಾಡ ತಂಪು ಊರೆಂದು ಪಿಂಚಣಿದಾರರು ಹುಡುಕಿಕೊಂಡು ಬಂದು ಮನೆ ಕಟ್ಟುತ್ತಿದ್ದರಂತೆ. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಕಚ್ಛದ ಒಂಟೆಗಳು ನವಲಗುಂದದ ಎರೆಹೊಲದಲ್ಲಿ ಮೇಯುತ್ತಿವೆ. ರಾಯಚೂರಿನ ಕಡೆಯ ಕೆಂಗುರಿ ಕುರಿಗಳು ಬೆಳಗಾವಿ ದಾಟಿವೆ. ಅವುಗಳನ್ನು ಯಾವ ರಾಜನೂ ಅಟ್ಟಲಿಲ್ಲ, ಬಿಸಿಲು ಅಟ್ಟಿತು. ಹೊಸ ನೆಲಕ್ಕೆ ಅವು ಚೆನ್ನಾಗಿಯೇ ಹೊಂದಿಕೊಂಡವು. ನಮ್ಮ ಓಣಿಯ ಮೂಲೆಯ ಚಹಾದಂಗಡಿಯವನು ಒಂಟೆ ಹಾಲಿನ ಚಹಾ ಮಾಡುವುದನ್ನೂ ಕಲಿತ. ಅತ್ತೆಯವರು ಒಮ್ಮೆ ಕುಡಿದು, ಆ ಹಾಲಿನ ರುಚಿಯೇ ತುಸು ಉಪ್ಪೆಂದು ತಿಳಿಯದೆ, ಉಪ್ಪು ಹಾಕಿದ್ದಾನೆಂದು ಅವನಿಗೆ ಬೈದು ಬಂದರು.

ಆ ಬೇಸಿಗೆಯಲ್ಲಿ ಒಂದು ದಿನ ನಮ್ಮ ಮುಖ್ಯಸ್ಥೆ ಡಾಕ್ಟರ್ ನದಾಫ ಮೇಡಂ ನನ್ನನ್ನು ಗೋಡೆಯ ಮುಂದೆ ಕರೆದರು. ಧಾರವಾಡದ ಸುತ್ತ ಎಮ್ಮೆಯ ಚುಕ್ಕೆಗಳಲ್ಲಿ ಹಸಿರು ಒಂದೂ ಇರಲಿಲ್ಲ.

"ಹಗಲಿನ ಬಿಸಲಿಗೆ ಎಮ್ಮಿ ಸೋಲೂದಿಲ್ಲ ಗದಿಗೆಪ್ಪ" ಎಂದರು ಮೇಡಂ. "ಕರೇ ಚರ್ಮ, ಬೆವರೂದು ಕಡಿಮಿ. ಹಗಲೆಲ್ಲಾ ಕಾಯ್ದದ್ದನ್ನ ರಾತ್ರಿ ತಂಪಿನ್ಯಾಗ ಇಳಿಸ್ಕೊತದ. ಈಗ ರಾತ್ರಿ ತಂಪೇ ಇಲ್ಲ. ಕಾವು ಮೈಯಾಗೇ ಉಳೀತದ. ಅದಕ್ಕೇ ಬೆದಿಗೆ ಬರವಲ್ಲವು, ಬಂದ್ರೂ ಗಬ್ಬ ನಿಲ್ಲವಲ್ದು."

ಅದು ನನಗೆ ಗೊತ್ತಿತ್ತು. ಹಿಂದಿನ ಬೇಸಿಗೆಯಿಂದ ನಮ್ಮ ಇಡೀ ಓಣಿಯಲ್ಲಿ ಗಬ್ಬ ನಿಂತದ್ದು ಒಂದೇ ಎಮ್ಮೆ.

ಚಿಕ್ಕಮಗಳೂರಿನಾಚೆ ಬೆಟ್ಟದ ಮೇಲೆ ಒಂದು ಹುಲ್ಲುಗಾವಲಿದೆ. ಅಲ್ಲಿ ರಾತ್ರಿ ಇನ್ನೂ ತಣ್ಣಗಿದೆ. ಧಾರವಾಡಿ ಎಮ್ಮೆಗೆ ಇನ್ನುಳಿದಿರುವ ನೆಲ ಅದೊಂದೇ ಎಂದು ಯಂತ್ರ ಹೇಳಿತ್ತು. ಮೊದಲು ಒಂದು ಹಿಂಡನ್ನು ಒಯ್ದು ಮಳೆಗಾಲದವರೆಗೆ ನೋಡುವುದು. ಅವು ಹೊಂದಿಕೊಂಡರೆ ಉಳಿದವನ್ನೂ ಸಾಗಿಸುವುದು. ಹೊಂದಿಕೊಳ್ಳದಿದ್ದರೆ ಸಾಗಣೆ ನಿಲ್ಲಿಸಿ, ತಳಿಯ ಬೀಜವನ್ನಷ್ಟೇ ಹಿಮದ ಪೆಟ್ಟಿಗೆಯಲ್ಲಿ ಕಾಪಿಡುವುದು. ಮೇಲಿನವರ ತೀರ್ಮಾನ ಹಾಗಿತ್ತು. ಅಂದರೆ ಧಾರವಾಡಿ ಎಮ್ಮೆ ಇನ್ನು ಗಾಜಿನ ಕೊಳವೆಯಲ್ಲಿರುತ್ತದೆ, ಕೊಟ್ಟಿಗೆಯಲ್ಲಿರುವುದಿಲ್ಲ.

"ಮೊದಲನೇ ಹಿಂಡು ಯಾರದು ಮೇಡಂ?"

ಮೇಡಂ ನನ್ನ ಮುಖ ನೋಡದೆ ಹೇಳಿದರು. "ಯಂತ್ರ ಎಲ್ಲಾಕಿಂತ ಗಟ್ಟಿಮುಟ್ಟಾದ ಹಿಂಡು ಆರಿಸೇದ. ನಿಮ್ಮ ಅತ್ತಿಯವರದು."

ಚೆನ್ನಾಗಿ ಸಾಕಿದ್ದೇ ತಪ್ಪಾಯಿತು!

ಮನೆಗೆ ಬಂದು ಸರಸಿಗೆ ಎಲ್ಲ ಹೇಳಿದೆ. ಬೇರೆ ದಾರಿಯೇ ಇರಲಿಲ್ಲ. ಅತ್ತೆಯವರು ಆಗ ಗೋದಲಿಗೆ ಮೇವು ಹಾಕುತ್ತಿದ್ದರು. ಕೈ ನಿಂತಿತು.

"ಸರಸೀ, ನಿನ್ನ ಕೂಡ ಯಾರ್ ಬರ್ತಾರಂತ ಕೇಳವಾ."

"ಯಾರೂ ಇಲ್ಲಂತ ಹೇಳು, ಸರಸೀ. ಅಲ್ಲಿ ಆಳು ಅದಾರ. ಯೋಜನೆ ತಳೀದು, ಮಂದೀದಲ್ಲ."

ಉಳಿದ ಮೇವನ್ನು ಗೋದಲಿಗೆ ಸುರಿದರು. ಆಮೇಲೆ ಸರಸಿಯ ಹಣೆ ಸವರುತ್ತ ಕೇಳಿದರು. "ಅಲ್ಲಿ ಹೋದ್ರ ಗಬ್ಬ ನಿಲ್ಲತೈತೇನು, ಕೇಳು."

"ನಿಲ್ಲಬಹುದಂತ ಹೇಳು."

"ಹಂಗಾದ್ರ ಹೋಗವಾ ನನ್ನವ್ವಾ. ಇಲ್ಲಿದ್ದ ಏನ್ ಮಾಡ್ತಿ?"

ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಕೂಗಾಡುತ್ತಾರೆ, ಉಪವಾಸ ಕೂರುತ್ತಾರೆ ಎಂದುಕೊಂಡಿದ್ದೆ. ಇದಕ್ಕಿಂತ ಅದೇ ವಾಸಿಯಿತ್ತು.

ಲಾರಿ ಬಂತು, ಎಮ್ಮೆಗಳು ಹೋದವು. ಅಂದಿನಿಂದ ಮನೆಯಲ್ಲಿ ಒಂದು ವಿಚಿತ್ರ ತೊಂದರೆ ಶುರುವಾಯಿತು. ಅತ್ತೆಗೂ ನನಗೂ ನಡುವೆ ಮಾತು ಸಾಗಿಸುವವರೇ ಇಲ್ಲ! ಕಸ್ತೂರಿಯ ಮೂಲಕ ಹೇಳಿಸಬಹುದಿತ್ತು, ಆದರೆ ಅವಳು ಸರಸಿಯಂತಲ್ಲ. ನಡುವೆ ತನ್ನದೂ ನಾಲ್ಕು ಮಾತು ಸೇರಿಸುತ್ತಾಳೆ. ಅತ್ತೆಯವರು ಖಾಲಿ ಕೊಟ್ಟಿಗೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ನಾನು ಹಾದುಹೋದರೆ ಸೆರಗು ಎಳೆದುಕೊಳ್ಳುತ್ತಿದ್ದರು. ಅವರ ಗೊಣಗಾಟ ನನಗೆ ಇಷ್ಟು ಬೇಕಾಗಿತ್ತೆಂದು ಆಗಲೇ ತಿಳಿದದ್ದು.

ನಿಗಾ ಕೋಣೆಯಲ್ಲಿ ಮಾತ್ರ ಹಬ್ಬ. ಬೆಟ್ಟದ ಮೇಲೆ ನಮ್ಮ ಹಿಂಡಿನ ಚುಕ್ಕೆಗಳೆಲ್ಲ ಹಸಿರಾಗಿದ್ದವು. ಎಷ್ಟೋ ಬೇಸಿಗೆಗಳ ನಂತರ ಅಂಥ ಹಸಿರು ಕಂಡಿದ್ದೆವು. ಯಾರೋ ಪೇಢೆ ಹಂಚಿದರು. ಪೇಢೆ ಬಾಯಲ್ಲಿರುವಾಗಲೇ ಬೆಟ್ಟದ ಕೇಂದ್ರದಿಂದ ಧರ್ಮೇಶನ ಫೋನ್ ಬಂತು. ಅಲ್ಲಿ ಎಮ್ಮೆ ನೋಡಿಕೊಳ್ಳುವವನು ಅವನೇ. ಆ ಕಡೆಯ ಹುರಿಮೀಸೆಯ ಆಳು, ಒಳ್ಳೆಯವನು.

"ಸಾರ್, ಒಂದು ಎಮ್ಮೆನೂ ಹಾಲು ಬಿಡ್ತಾ ಇಲ್ಲ ಸಾರ್. ಬಿಸಿನೀರಲ್ಲಿ ಕೆಚ್ಚಲು ತೊಳ್ದೆ, ಬೆಲ್ಲ ತಿನ್ಸಿದೆ. ಹಾಲು ಮೇಲಕ್ಕೆ ಏರಿಸ್ಕೊಂಡು ನಿಂತ್ಬಿಡ್ತವೆ. ಕೈ ಇಟ್ರೆ ಒದೀತವೆ. ಮೇವೂ ಅಷ್ಟಕ್ಕಷ್ಟೆ. ಇಡೀ ದಿನ ಗೇಟ್ ಕಡೆ ಮುಖ ಮಾಡ್ಕೊಂಡು ನಿಂತಿರ್ತವೆ."

"ಇಲ್ಲಿ ಎಲ್ಲಾ ಹಸಿರು ತೋರಿಸ್ತದಲ್ಲೋ ಮಾರಾಯಾ!"

"ಹಸಿರೋ ಗಿಸಿರೋ ನಂಗೊತ್ತಿಲ್ಲ ಸಾರ್. ಒಂದಕ್ಕೆ ಕೆಚ್ಚಲು ಬಾತ್ಕೊಂಡಿದೆ. ಹಿಂಗೇ ಬಿಟ್ರೆ ಉಳಿಯಲ್ಲ."

ಮೇಡಮ್ಮಿನ ಮುಖ ಸಣ್ಣದಾಯಿತು. ತಂಪಿನಲ್ಲಿ ಅಲ್ಲಾಡದೆ ನಿಂತ ಎಮ್ಮೆಯ ಮೈ ತಣ್ಣಗಿರುತ್ತದೆ, ಎದೆಬಡಿತ ನಿಧಾನವಾಗಿರುತ್ತದೆ. ಯಂತ್ರಕ್ಕೆ ಅದು ನೆಮ್ಮದಿ. ದುಃಖದಲ್ಲಿ ಸುಮ್ಮನೆ ನಿಂತದ್ದಕ್ಕೂ ಸುಖದಲ್ಲಿ ಸುಮ್ಮನೆ ನಿಂತದ್ದಕ್ಕೂ ಇರುವ ವ್ಯತ್ಯಾಸ ಅದಕ್ಕೆ ಯಾರೂ ಕಲಿಸಿರಲಿಲ್ಲ. ಮಳೆಗಾಲದೊಳಗೆ ಅವು ಹೊಂದಿಕೊಳ್ಳದಿದ್ದರೆ ಹಿಮದ ಪೆಟ್ಟಿಗೆಯೇ ಗತಿ.

ನನಗೆ ಮನೆಯದೊಂದು ಪದ್ಧತಿ ನೆನಪಾಯಿತು. ಅತ್ತೆಯವರು ಮದುವೆಗೋ ಮುಂಜಿಗೋ ಊರಿಗೆ ಹೋದಾಗ ಕಸ್ತೂರಿ ಅವರು ಬಿಟ್ಟುಹೋದ ಸೀರೆ ಉಟ್ಟೇ ಹಾಲು ಕರೆಯುತ್ತಿದ್ದಳು. ಇಲ್ಲದಿದ್ದರೆ ಎಮ್ಮೆಗಳು ಹತ್ತಿರ ಸೇರಿಸುತ್ತಿರಲಿಲ್ಲ. ಓಣಿಯಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಮೇಡಂ ಒಪ್ಪಿದರು. ಕಸ್ತೂರಿಯ ಮೂಲಕ ಕೇಳಿಸಿದೆ. ಅತ್ತೆಯವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. ಮರುದಿನ ನನ್ನ ಕೈಗೆ ಒಂದು ಕಟ್ಟು ಬಂದಿತು, ಬಿಗಿಯಾಗಿ ಹೊಲಿದದ್ದು. ಬಸ್ಸಿಗೆ ಹಾಕಿ ಕಳಿಸಿದೆ.

ಧರ್ಮೇಶ ಸೀರೆ ಉಟ್ಟು ಒಂದು ಫೋಟೋ ಕಳಿಸಿದ. ಪ್ಯಾಂಟಿನ ಮೇಲೆ ಇಳಕಲ್ ಸೀರೆ, ತಲೆ ತುಂಬ ಸೆರಗು, ಅದರೊಳಗಿಂದ ಹುರಿಮೀಸೆ. ನಿಗಾ ಕೋಣೆಯವರೆಲ್ಲ ನಕ್ಕು ನಕ್ಕು ಸುಸ್ತಾದೆವು. ಹಿಂದೆಯೇ ಅವನ ಫೋನ್ ಬಂತು.

"ಸಾರ್, ಸರಸಿ ಒದ್ದು ಬಕೆಟ್ ಮುರೀತು. ಸೀರೆ ಮೂಸಿ ನೋಡಿ ಮುಖ ತಿರುಗಿಸ್ಬಿಡ್ತು. ಇಷ್ಟು ಚೆಂದದ ಸೀರೆ ಸಾರ್, ಇಸ್ತ್ರಿ ಬೇರೆ ಮಾಡಿದ್ರು. ಅರಿಶಿನ ಕುಂಕುಮ, ರವಿಕೆ ಕಣ, ಎಲ್ಲಾ ಇಟ್ಟು ಕಳ್ಸಿದಾರೆ. ನಮ್ಮ ಮನೇವ್ರಿಗೆ ತುಂಬಾ ಖುಷಿಯಾಯ್ತು."

ಇಸ್ತ್ರಿ! ನಾನು ತಲೆ ಚಚ್ಚಿಕೊಂಡೆ. ಸೈಕಲ್ ತುಳಿದು ಮನೆಗೆ ಬಂದು ಬಾಗಿಲಲ್ಲೇ ಕಸ್ತೂರಿಯ ಮೇಲೆ ಕೂಗಿದೆ. "ಸೀರಿ ಒಗದು ಕಳಿಸಿದ್ರೇನು? ಎಮ್ಮಿಗೆ ಬೇಕಾದ್ದು ಸೀರಿ ಅಲ್ಲ, ಅದರಾಗಿನ ವಾಸನಿ! ಅಷ್ಟೂ ಗೊತ್ತಾಗಬಾರದಾ?"

ಕೊಟ್ಟಿಗೆಯ ಕಟ್ಟೆಯಿಂದ ಅತ್ತೆಯವರು ಎದ್ದು ಬಂದರು. ನನ್ನ ಎದುರು ಬಂದು ನಿಂತರು. ಸೆರಗು ತಲೆಯಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ.

"ಸರಕಾರದವ್ರ ಕೈಯಾಗ ಸಗಣಿ ನಾರೂ ಸೀರಿ ಕೊಡಲೇನ್ರಿ ಅಳಿಯಾರ? ಗೌಳೇರ ಮನಿ ಸೀರಿ ಅಂತ ನಾಕ ಮಂದಿ ಮೂಗ ಮುಚ್ಕೊಳ್ಳಲೇನು? ನಮಗೂ ಒಂದ ಮಾನ ಐತಿಲ್ಲ?"

ಅಷ್ಟು ವರ್ಷದಲ್ಲಿ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಏನಾಯಿತೆಂದು ಅವರಿಗೂ ಹೊಳೆಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡರು, ಆಮೇಲೆ ಅಲ್ಲೇ ಕುಸಿದು ಕೂತು ಅತ್ತರು.

"ಒಗೀಬಾರದಂತ ನನಗ ಗೊತ್ತಿಲ್ಲೇನ್ರಿ? ಮಗಳಿಗೆ ಕೊಡೂ ಮುಂದ ಒಗದ ಕೊಟ್ಟಿನೇನು? ಹೊರಗಿನವರಿಗಂದ ಕೂಡ್ಲೆ ಕೈ ತಾನ ಸಬಕಾರ ಹಿಡೀತು. ನನ್ನ ವಾಸನೀನ ನಾನ ತೊಳದ ಕಳಿಸೀನಿ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬೇರೆ ಸೀರೆ ಕಳಿಸೋಣವೆಂದರೆ ಕೊಟ್ಟಿಗೆಯ ವಾಸನೆ ಹಿಡಿದದ್ದು ಒಂದೂ ಉಳಿದಿರಲಿಲ್ಲ. ಲಾರಿ ಹೋದ ದಿನವೇ ಕೊಟ್ಟಿಗೆ ತೊಳೆದು, ಹಾಲು ಕರೆಯುವ ಸೀರೆಗಳನ್ನೆಲ್ಲ ಕುದಿನೀರಿಗೆ ಹಾಕಿದ್ದರಂತೆ. ನೋಡಿದರೆ ಸಂಕಟವಾಗುತ್ತದೆಂದು.

ಮೇಡಮ್ಮಿಗೆ ವಿಷಯ ಹೇಳಿದೆ. ಮೊದಲು ಜೋರಾಗಿ ನಕ್ಕರು. ಆಮೇಲೆ ಗೋಡೆಯ ಕಡೆ ನೋಡುತ್ತ ಕೂತರು.

"ನಮ್ಮ ಮನ್ಯಾಗೂ ಹಂಗೇ. ಯಾರರೆ ಬರ್ತಾರಂದ್ರ ನಮ್ಮವ್ವ ಮೊದಲ ಪರದೆ ಒಗೀತಿದ್ಲು" ಎಂದರು. "ನಮ್ಮ ಯಂತ್ರಕ್ಕ ಮೂಗಿಲ್ಲ ಗದಿಗೆಪ್ಪ, ಅದು ನಮ್ಮ ತಪ್ಪು. ಸೀರಿ ಬ್ಯಾಡ, ಅವರನ್ನೇ ಕರ್ಕೊಂಡು ಹೊರಡು. ಮ್ಯಾಲಿನವರಿಗೆ ನಾ ಹೇಳ್ತೀನಿ."

ಬೆಟ್ಟದ ಮೇಲೆ ಇಳಿದಾಗ ಗಾಳಿ ಕೊರೆಯುತ್ತಿತ್ತು. ಅತ್ತೆಯವರು ನನ್ನ ಸ್ವೆಟರನ್ನೂ ಮೇಲೆ ಹಾಕಿಕೊಂಡು, ಅದರ ಮೇಲೆ ಕಂಬಳಿ ಹೊದ್ದು, ನಡುಗುತ್ತ ನಡೆದರು. ಎಮ್ಮೆಗಳು ಗೇಟಿನ ಕಡೆ ಮುಖ ಮಾಡಿ ನಿಂತಿದ್ದವು. ಪಕ್ಕೆಲುಬು ಕಾಣುತ್ತಿದ್ದವು.

ಅತ್ತೆಯವರು ಕರೆಯಲಿಲ್ಲ. ಮೊದಲು ಸರಸಿಯ ಮೂಗು ಮೇಲೆದ್ದಿತು. ಕಿವಿ ಮುಂದಾದವು. ಹೊಟ್ಟೆಯೊಳಗಿನಿಂದ ಒಂದು ದನಿ ಹೊರಟಿತು. ಆಮೇಲೆ ಅಷ್ಟು ದೊಡ್ಡ ಮೈ ಹೊತ್ತುಕೊಂಡು ಓಡಿ ಬಂದಳು, ಹಿಂದೆ ಉಳಿದವೂ ಬಂದವು. ಅತ್ತೆಯವರು ಕಂಬಳಿ ಬಿಸಾಡಿ ಅವುಗಳ ನಡುವೆ ಕಾಣದಂತಾದರು. "ಏ ಹುಚ್ಚೀ, ಬಿಡ ನನ್ನ, ಕೆಡವ್ತಿ... ಎಷ್ಟ ಸೊರಗೀಯವ್ವಾ, ಏನ್ ತಿಂದಿಯವ್ವಾ..." ಎಂಬ ಮಾತು ಮಾತ್ರ ಕೇಳುತ್ತಿತ್ತು.

ನನ್ನ ಜೇಬಿನಲ್ಲಿ ಫೋನು ಅರಚತೊಡಗಿತು. ತೆಗೆದು ನೋಡಿದರೆ ಹಸಿರು ಚುಕ್ಕೆಗಳೆಲ್ಲ ಹಳದಿಯಾಗಿ, ಕೆಂಪಾಗಿ ಮಿನುಗುತ್ತಿದ್ದವು. ಎದೆಬಡಿತ ಮಿತಿ ಮೀರಿದೆ, ಹಿಂಡು ಸಂಕಟದಲ್ಲಿದೆ, ಕೂಡಲೇ ಬೇರ್ಪಡಿಸಿರಿ ಎಂದು ಯಂತ್ರದ ಆದೇಶ. ಮೇಡಮ್ಮಿನ ದನಿಯೂ ಬಂತು.

"ಗದಿಗೆಪ್ಪಾ, ಏನಾತೋ? ಗೋಡಿ ಎಲ್ಲಾ ಕೆಂಪಾಗೇದ!"

"ಏನಿಲ್ಲ ಮೇಡಂ. ನಮ್ಮತ್ತಿ ಬಂದಾರ."

ಆ ಕಡೆಯಿಂದ ಮೂಗು ಸೀಟಿದ ಸಪ್ಪಳ ಕೇಳಿಸಿತು. ಇತ್ತ ಅತ್ತೆಯವರು ಬಕೆಟ್ ಮೊಣಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದರು. ಹಾಲು ತಳಕ್ಕೆ ಬೀಳುವ ಸದ್ದು ಕೇಳಿ ಧರ್ಮೇಶ ಟೋಪಿ ತೆಗೆದು ನಿಂತ. ನನಗೂ ಅಳು ಬಂತು, ನಾಚಿಕೆಯೇನೂ ಆಗಲಿಲ್ಲ.

ಅತ್ತೆಯವರು ಅಲ್ಲಿಯೇ ಉಳಿದರು. ನಾನು ಧಾರವಾಡಕ್ಕೆ ಮರಳಿದೆ. ಅಂದಿನಿಂದ ದಿನವೂ ನನಗೇ ಫೋನ್ ಮಾಡುತ್ತಿದ್ದರು. ಫೋನಿನಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ಅಡ್ಡಿಯಿಲ್ಲವೆಂದು ಅವರೇ ಒಂದು ನಿಯಮ ಮಾಡಿಕೊಂಡಿದ್ದರು. ಒಂದು ದಿನ ಹೇಳಿದರು. "ಈ ಮೀಸಿ ಹುಡುಗನ ಕೈಗೆ ಎಮ್ಮಿ ರೂಢಿ ಮಾಡ್ತೀನ್ರಿ. ನಾ ಇಲ್ಲೇ ಕುಂತ್ರ ಇವು ನನ್ನ ಎಮ್ಮಿ ಆಗೇ ಉಳಿತಾವ. ನಾ ಸತ್ತ ದಿನ ಮತ್ತ ಹಾಲ ಬಿಡಂಗಿಲ್ಲ. ಇವು ಈ ಗುಡ್ಡದ ಎಮ್ಮಿ ಆಗಬೇಕು."

ಅದನ್ನು ಅವರು ಮಾಡಿದ ರೀತಿಯನ್ನು ಧರ್ಮೇಶ ಹೇಳುತ್ತಿದ್ದ. ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಕೈಯ ಮೇಲೆ ಅವನ ಕೈ ಇಡಿಸಿಕೊಂಡು ಕರೆದರು. ತಾವು ಉಟ್ಟು ಕೊಳೆಯಾದ ಸೀರೆಯನ್ನು ಒಗೆಯದೆ ಅವನಿಗೆ ಉಡಿಸಿದರು. ಆಮೇಲೆ ತಾವು ಹಿಂದೆ ಸರಿದು ನಿಂತರು, ಆಮೇಲೆ ಬಾಗಿಲಲ್ಲಿ, ಆಮೇಲೆ ಗೋಡೆಯ ಆಚೆ. ಸರಸಿ ಕತ್ತು ತಿರುಗಿಸಿ ಹುಡುಕಿದರೆ ಆಚೆಯಿಂದ ಒಂದು ಕೆಮ್ಮು. ಕೊನೆಗೆ ಆ ಕೆಮ್ಮನ್ನೂ ನಿಲ್ಲಿಸಿದರು. ತನ್ನನ್ನು ಮರೆಯುವುದನ್ನು ತಾನೇ ಕಲಿಸುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಯೋಚಿಸಲೂ ಆಗುತ್ತಿರಲಿಲ್ಲ. ಫೋನಿನಲ್ಲಿ ಅವರು ಮಾತ್ರ ಮೀಸೆ ಹುಡುಗನ ಒರಟು ಬೆರಳುಗಳನ್ನು ಬೈದು ನಗುತ್ತಿದ್ದರು.

ಮುಂಗಾರಿಗೆ ಮುಂಚೆಯೇ ಸರಸಿ ಬೆದೆಗೆ ಬಂದಳು. ಮಳೆ ಹಿಡಿಯುವ ಹೊತ್ತಿಗೆ ಗಬ್ಬ ನಿಂತದ್ದು ಖಾತ್ರಿಯಾಯಿತು. ಹಿಮದ ಪೆಟ್ಟಿಗೆಯ ಮಾತು ಮೇಲಿನವರು ಬಿಟ್ಟರು. ಇನ್ನು ಮುಂದೆ ಯಾವ ಹಿಂಡು ಹೋದರೂ ಅದನ್ನು ಸಾಕಿದವರು ಜೊತೆಗೆ ಹೋಗಿ, ಹೊಸ ಕೈಗೆ ಒಪ್ಪಿಸಿಯೇ ಬರಬೇಕೆಂದು ಮೇಡಂ ಹಟ ಹಿಡಿದು ನಿಯಮ ಮಾಡಿಸಿದರು.

ನಾನು ಕರೆದುಕೊಂಡು ಬರಲು ಹೋದೆ. ಬೆಳಗಿನ ಹಾಲು ಕರೆಯುವ ಹೊತ್ತು. ಕೊಟ್ಟಿಗೆಯೊಳಗೆ ಧರ್ಮೇಶ ಕೂತಿದ್ದ. ಅತ್ತೆಯವರು ಆಚೆ ಗೋಡೆಗೆ ಒರಗಿ ನಿಂತು, ಬಕೆಟ್ಟು ತುಂಬುವ ಸದ್ದನ್ನು ಕೊನೆಯವರೆಗೂ ಕೇಳಿದರು. ಒಳಗೆ ಹೋಗಲಿಲ್ಲ. ಹೋದರೆ ಮಾಡಿದ್ದೆಲ್ಲ ನೀರುಪಾಲಾಗುತ್ತದೆಂದು ಅವರಿಗೆ ಗೊತ್ತಿತ್ತು. ಚೀಲ ಎತ್ತಿಕೊಂಡು, "ಬರ್ರಿ ಹೋಗೂಣು" ಎಂದರು.

ಬಸ್ಸು ಶಿವಮೊಗ್ಗ ದಾಟಿತು. ಹಾವೇರಿ ಹತ್ತಿರವಾದಂತೆ ಕಿಟಕಿಯಿಂದ ಬಿಸಿಗಾಳಿ ನುಗ್ಗಿತು. ಅತ್ತೆಯವರು ಸ್ವೆಟರ್ ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ಸಂಜೆಯ ಹಾಲಿನ ಹೊತ್ತಾಗಿತ್ತು. ಧರ್ಮೇಶನ ಫೋನ್ ಬಂತು.

"ಸರಸಿ ಹಾಲು ಕೊಟ್ಲು ಸಾರ್, ಬಕೆಟ್ ತುಂಬಾ. ಆದ್ರೆ ಕರ್ದಾದ್ ಮೇಲೆ ಹೋಗಿ ಗೇಟ್ ಹತ್ರ ನಿಂತಿದಾಳೆ. ಕರೆದ್ರೂ ಬರ್ತಾ ಇಲ್ಲ. ಅಮ್ಮಂಗೆ ಹೇಳ್ಬೇಡಿ ಸಾರ್."

ಫೋನ್ ಜೇಬಿಗಿಟ್ಟು, "ಧರ್ಮೇಶಂದ್ರಿ ಫೋನ್. ಬಕೆಟ್ ತುಂಬ ಹಾಲ ಕೊಟ್ಟಾಳಂತ" ಎಂದೆ.

"ಮುಂದ?"

"ಮುಂದೇನೈತ್ರಿ ಅತ್ತಿ, ಮೇಯಾಕ ಹತ್ಯಾಳಂತ."

ಅತ್ತೆಯವರು ಕಿಟಕಿಯಾಚೆ ನೋಡುತ್ತಿದ್ದವರು ಈ ಕಡೆ ತಿರುಗಿ, ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ಗೇಟಿಗಿ ನಿಂತಾಳ, ಹೌದಲ್ರಿ?"

ನನಗೆ ಸುಳ್ಳು ಹೇಳಲು ಆಗಲಿಲ್ಲ. ತಲೆಯಾಡಿಸಿದೆ.

"ನಿಲ್ಲಲಿ ಬಿಡ್ರಿ" ಎಂದರು ಅತ್ತೆ. ಕಣ್ಣಲ್ಲಿ ನೀರು ತುಂಬಿತ್ತು, ಮುಖದಲ್ಲಿ ನಗೆಯಿತ್ತು. "ಹಾಲ ಕೊಟ್ಟಾಳಲ್ಲಾ, ಅಷ್ಟ ಸಾಕು. ಇಷ್ಟ ವರ್ಷ ಕೂಡಿ ಬಾಳೇವಿ, ಒಂದೆರಡ ದಿನಾರ ನಿಲ್ಲಬೇಕಲ್ರಿ."